ಅತ್ತೆಯ ಲ್ಯಾಪ್‌ಟಾಪಿನೊಳಗೆ ಮೂರು ಊರು

ನಮ್ಮ ಅತ್ತೆಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಅವರ ಊರಾದ ಕಾಪುವಿನಲ್ಲಿ ಬೇಕಾದಷ್ಟು ಜನ ಇರುವಾಗ ನಾನೇಕೆ ಬಾಯಿ ಹಾಳು ಮಾಡಿಕೊಳ್ಳಲಿ?

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಮಲ್ಲಿಗೆ ಬೆಳೆಸುತ್ತಾರೆ, ಭಜನೆಗೆ ಹೋಗುತ್ತಾರೆ. ಅತ್ತೆ ಜೇನು ಸಾಕಿದರು. ಜೇನು ಪೆಟ್ಟಿಗೆ ಬಿಟ್ಟು ಹೋಗುವ ಮೊದಲೇ ಮಾವ ಮನೆ ಬಿಟ್ಟು ಹೋಗಿ, ಕೆಮ್ಮಣ್ಣು ಎಂಬ ಊರಿನಲ್ಲಿರುವ ತಮ್ಮ ತಂಗಿಯ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬಂದರು. ಆಮೇಲೆ ಅತ್ತೆ ಕಂಪ್ಯೂಟರಿನ ಬೆನ್ನು ಹತ್ತಿದರು.

ಅದೂ ಎಂಥ ಕಂಪ್ಯೂಟರ್ ಕೆಲಸ! ದೊಡ್ಡ ಕಂಪನಿಗಳು ತಮ್ಮ ತಂತ್ರಾಂಶವನ್ನು ಸಣ್ಣ ಸಣ್ಣ ಡಬ್ಬಿಗಳಂತೆ ಕಟ್ಟಿ, ಕಂಪ್ಯೂಟರ್‌ಗಳ ಒಂದು ಗುಂಪಿನ ಮೇಲೆ ಓಡಿಸುತ್ತವೆ. ಡಬ್ಬಿಗೆ ಕಂಟೇನರ್ ಎಂದೂ ಗುಂಪಿಗೆ ಕ್ಲಸ್ಟರ್ ಎಂದೂ ಹೆಸರು. ಗುಂಪಿನಲ್ಲಿ ಒಂದು ಕಂಪ್ಯೂಟರ್ ಕೆಟ್ಟರೆ ಅದರ ಡಬ್ಬಿಗಳನ್ನು ಉಳಿದವು ವಹಿಸಿಕೊಳ್ಳುತ್ತವೆ. ಅಷ್ಟೆಲ್ಲ ಕಂಪ್ಯೂಟರ್ ಇಲ್ಲದವರು ಒಂದೇ ಲ್ಯಾಪ್‌ಟಾಪಿನ ಒಳಗೆ, ಕಣ್ಣಿಗೆ ಕಾಣದ, ಕೈಗೆ ಸಿಗದ ವರ್ಚುವಲ್ ಯಂತ್ರಗಳನ್ನು ಮಾಡಿಕೊಂಡು ಅಭ್ಯಾಸ ಮಾಡುತ್ತಾರೆ. ನನ್ನ ಹೊಟ್ಟೆಪಾಡೇ ಇದು. ಮಣಿಪಾಲದಲ್ಲಿ ನಾನಿದ್ದ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿದ್ದರಿಂದ ನಾನು ಆಗ ಕೆಲಸವಿಲ್ಲದೆ ಉಡುಪಿಯ ಕಡಿಯಾಳಿಯ ನಮ್ಮ ಮನೆಯಲ್ಲಿದ್ದೆ. ಅಲ್ಲಿಗೆ ಅತ್ತೆಯ ಫೋನ್ ಬಂತು.

"ನನಗೊಂದು ಕ್ಲಸ್ಟರ್ ಬೇಕು ಮಾರಾಯ್ತಿ. ಕಾಪುವಿನಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಬಾ."

ಕೊತ್ತಂಬರಿ ಸೊಪ್ಪು ಸಿಗಲಿಲ್ಲ, ಬರುವಾಗ ತಾ ಎಂದು ಹೇಳುವ ಧ್ವನಿ ಅದು.

ಅವರ ಹಳೆಯ ಲ್ಯಾಪ್‌ಟಾಪಿಗೆ ಮೊದಲು ಮೆಮೊರಿ ಹೆಚ್ಚಿಸಬೇಕಿತ್ತು. ಉಡುಪಿಯ ಅಂಗಡಿಯಲ್ಲಿ, ಗೇಮ್ ಆಡಲಿಕ್ಕಾ ವಿಡಿಯೊ ಮಾಡಲಿಕ್ಕಾ ಎಂದು ಕೇಳಿದರು. ಒಳಗೆ ಮೂರು ಕಂಪ್ಯೂಟರ್ ಕೂರಿಸಲಿಕ್ಕೆ ಎಂದರು ಅತ್ತೆ. ಅಂಗಡಿಯವರು ಲ್ಯಾಪ್‌ಟಾಪನ್ನು ಮಗುಚಿ, ಹಿಂದೆ ಮುಂದೆ ನೋಡಿ, ಜಾಗ ಸಾಲಲಿಕ್ಕಿಲ್ಲ ಅಮ್ಮ ಎಂದು ವಿನಯದಿಂದ ಹೇಳಿದರು.

ಮೆಮೊರಿ ಕೂತಿತು. ಆದರೆ ವರ್ಚುವಲ್ ಯಂತ್ರ ಏಳಲು ಒಪ್ಪಲಿಲ್ಲ. ಲ್ಯಾಪ್‌ಟಾಪ್ ಆನ್ ಆಗುವ ಕ್ಷಣದಲ್ಲೇ ಒಂದು ಗುಂಡಿ ಒತ್ತಿ ಹಿಡಿದು, ಒಳಗಿನ ಸೆಟ್ಟಿಂಗ್ ಒಂದನ್ನು ತೆರೆಯಬೇಕು ಎಂದು ನಾನು ಫೋನಿನಲ್ಲಿ ಹೇಳಿದೆ. ಅತ್ತೆ ಇದಕ್ಕೆ ಮಾವನನ್ನು ಸೇರಿಸಿಕೊಂಡರು. ಪವರ್ ಗುಂಡಿ ಮಾವನದು, ಇನ್ನೊಂದು ಅತ್ತೆಯದು. ಮಾವನಿಗೆ ಕಿವಿ ಸ್ವಲ್ಪ ಮಂದ. ಅತ್ತೆ "ಈಗ ಬೇಡ" ಎಂದಾಗಲೆಲ್ಲ ಅವರಿಗೆ "ಈಗ" ಮಾತ್ರ ಕೇಳಿಸಿತು. ಕೊನೆಗೆ ನಾನೇ ಬಸ್ಸು ಹತ್ತಿ ಕಾಪುವಿಗೆ ಹೋದೆ.

ಯಂತ್ರಗಳು ಎದ್ದವು. ಲ್ಯಾಪ್‌ಟಾಪಿನ ಫ್ಯಾನು ಎಷ್ಟು ಜೋರಾಗಿ ತಿರುಗಿತೆಂದರೆ, ಪಕ್ಕದ ಮನೆಯವರು ಬಂದು ಹೊಸ ಮಿಕ್ಸಿ ತಂದಿರಾ ಎಂದು ವಿಚಾರಿಸಿಕೊಂಡು ಹೋದರು.

ಮೂರಕ್ಕೂ ಹೆಸರಿಡಬೇಕಾಗಿ ಬಂತು. ಅತ್ತೆ ಉಡುಪಿ, ಕಾಪು, ಕಾರ್ಕಳ ಎಂದು ಇಟ್ಟರು. ಎಡವಟ್ಟಾದದ್ದು ಅಲ್ಲಿಯೇ. ನಮ್ಮ ಮನೆಗಳಲ್ಲಿ ಹಿರಿಯರನ್ನು ಊರಿನ ಹೆಸರಿನಿಂದಲೇ ಕರೆಯುವುದು. ಕಾರ್ಕಳ ಎಂದರೆ ಅಲ್ಲಿರುವ ನಮ್ಮ ದೊಡ್ಡತ್ತೆ, ಅಂದರೆ ಅತ್ತೆಯ ಅಕ್ಕ. ಒಂದು ಬೆಳಿಗ್ಗೆ ಅತ್ತೆ ನನಗೆ ಕಳಿಸಬೇಕಾದ ಸಂದೇಶವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು: "ಕಾರ್ಕಳದ ಜೀವ ಬೆಳಿಗ್ಗೆ ಹೋಯಿತು. ಎಬ್ಬಿಸಿದರೂ ಏಳಲಿಲ್ಲ. ಬೇಗ ಬಾ."

ಕೈಮುಗಿಯುವ ಚಿತ್ರಗಳು ಸುರಿದವು. ಒಬ್ಬ ಅಣ್ಣ ಆಫೀಸಿಗೆ ರಜೆ ಹಾಕಿ ಕಾರ್ಕಳದ ಬಸ್ಸಿನಲ್ಲಿ ಕೂತೂ ಆಗಿತ್ತು. ಅಷ್ಟರಲ್ಲಿ ದೊಡ್ಡತ್ತೆಯೇ ನನಗೆ ಫೋನ್ ಮಾಡಿದರು. ತಾನು ಇಡ್ಲಿ ತಿನ್ನುತ್ತಿದ್ದೇನೆ, ಎಲ್ಲರೂ ಓಂ ಶಾಂತಿ ಎನ್ನುತ್ತಿದ್ದಾರೆ, ಎಂತ ವಿಷಯ ಎಂದು ಕೇಳಿದರು. ನಾನು ವಿವರಿಸಿದೆ. ಅವರು ಬಾಯಲ್ಲಿದ್ದ ಇಡ್ಲಿ ನುಂಗಿ, ಉಡುಪಿ ಹೋಗಬಹುದಿತ್ತಲ್ಲ, ನಾನೇ ಯಾಕೆ ಎಂದರು.

ಕಾರ್ಕಳ ಯಾಕೆ ಪದೇ ಪದೇ ಬೀಳುತ್ತದೆ ಎಂದು ಹುಡುಕಲು ನಾನು ಇಡೀ ದಿನ ಅತ್ತೆಯ ಪಕ್ಕದಲ್ಲಿ ಕೂತೆ. ಅತ್ತೆ ಒಂದು ಹೇಳಿದರೆ ನಾನು ಇನ್ನೊಂದು ಹೇಳಿದೆ. ಧ್ವನಿ ಏರಿತು. ಮಾವ ಊಟಕ್ಕೆ ಕರೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ಉಡುಪಿಗೆ ಹೆಚ್ಚು ಮೆಮೊರಿ ಕೊಟ್ಟು ಕಾರ್ಕಳವನ್ನು ಉಪವಾಸ ಕೆಡವಿದ್ದರು ಅತ್ತೆ. ಅದನ್ನು ಸರಿ ಮಾಡಿದೆ.

ಇಷ್ಟಾದ ಮೇಲೆ ಕ್ಲಸ್ಟರಿನ ಮೇಲೆ ಏನನ್ನು ಓಡಿಸುವುದು? ಅತ್ತೆಯೇ ಒಂದು ವೆಬ್ ಪುಟ ಬರೆದಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಮೂರು ಊರುಗಳ ಒಟ್ಟು ಶ್ರಮದಿಂದ ಪರದೆಯ ಮೇಲೆ ಒಂದು ಸಾಲು ಮೂಡಿತು: ಇವತ್ತು ಬಂಗುಡೆ ಮೀನಿನ ಸಾರು.

"ಅದು ನನಗೆ ಪರಿಮಳದಲ್ಲೇ ಗೊತ್ತಾಯಿತು," ಎಂದರು ಮಾವ.

ಕೆಲವು ವಾರಗಳ ನಂತರ ಮಣಿಪಾಲದ ಬೇರೊಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಹೇಳಲು ಕಾಪುವಿಗೆ ಹೋದರೆ, ಅತ್ತೆ ಲ್ಯಾಪ್‌ಟಾಪಿನಲ್ಲಿ ಯಕ್ಷಗಾನ ನೋಡುತ್ತಿದ್ದರು. ಫ್ಯಾನಿನ ಸದ್ದೇ ಇಲ್ಲ. ಕ್ಲಸ್ಟರ್ ಎಲ್ಲಿ ಎಂದು ಕೇಳಿದೆ. ಅಳಿಸಿಬಿಟ್ಟೆ ಎಂದರು. ನನಗೆ ಸಿಟ್ಟೇ ಬಂತು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಯಾಕೆ ಅಳಿಸಿದಿರಿ?

ಅತ್ತೆ ಯಕ್ಷಗಾನವನ್ನು ನಿಲ್ಲಿಸಿದರು.

"ನನಗೆ ಅದು ಎಂತಕ್ಕೆ ಮಗಾ? ನೀನು ಕೋಣೆಯಿಂದ ಹೊರಗೆ ಬರುವುದೇ ಇಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ ಅಂತ ನಿನ್ನ ಅಮ್ಮ ಫೋನ್ ಮಾಡಿ ಅತ್ತಳು. ಊಟಕ್ಕೆ ಬಾ ಅಂದ್ರೆ ನೀನು ಬರ್ಲಿಕ್ಕಿಲ್ಲ. ಕಂಪ್ಯೂಟರ್ ಏಳುವುದಿಲ್ಲ ಅಂದ್ರೆ ಬರ್ತಿ ಅಂತ ನನಗೆ ಗೊತ್ತುಂಟು."

ನಾನು ಅವರ ಹೆಗಲಿಗೆ ತಲೆಯಾನಿಸಿ ಕೂತೆ. ಅತ್ತೆ ಒಂದು ಕೈಯಲ್ಲಿ ನನ್ನ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ಯಕ್ಷಗಾನವನ್ನು ಮತ್ತೆ ಶುರು ಮಾಡಿದರು.