ಊಟ ಆಯಿತೇ ಎಂದು ಕೇಳಿದ ಕಂಪ್ಯೂಟರುಗಳು

ನಾನೀಗ ಹೇಳಹೊರಟಿರುವುದು ನಡೆದದ್ದೇ ಹೌದೋ, ನಡೆದ ಮೇಲೆ ಸಿಕ್ಕಿದವರಿಗೆಲ್ಲ ಹೇಳಿ ಹೇಳಿ ನಾನೇ ಕಟ್ಟಿಕೊಂಡದ್ದೋ ನನಗೆ ಸರಿಯಾಗಿ ಗೊತ್ತಿಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೇ. ನಮ್ಮ ಮದುವೆಯ ದಿನ ಮಳೆ ಬಂದಿತ್ತು ಎಂದು ನಾನು ಹೇಳುತ್ತೇನೆ, ಬಂದಿರಲಿಲ್ಲ ಎಂದು ಹೆಂಡತಿ. ವಿಡಿಯೋ ಹಾಕಿ ನೋಡಿದರೆ ಅದರಲ್ಲಿ ಕಲ್ಯಾಣಮಂಟಪದ ಒಳಗಿನದ್ದು ಮಾತ್ರ ಇದೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಮಳೆ ಇವತ್ತಿಗೂ ಅರ್ಧ ಬಂದು ನಿಂತಿದೆ. ಇದರಲ್ಲಿ ನನ್ನ ತಪ್ಪು ಕಡಿಮೆ, ವಿಶ್ವವಿದ್ಯಾನಿಲಯದ್ದು ಹೆಚ್ಚು. ಯಾವುದನ್ನೂ ಆಧಾರವಿಲ್ಲದೆ ಒಪ್ಪಬೇಡ ಎಂದು ಅಲ್ಲಿ ಕಲಿಸಿದರು. ಕಲಿತೆ. ಈಗ ಬಸ್ಸಿನ ಕಂಡಕ್ಟರ್ "ಪೆರ್ಲ, ಪೆರ್ಲ" ಎಂದು ಕೂಗಿದರೂ ಪಕ್ಕದಲ್ಲಿ ಕೂತವರನ್ನು ಒಮ್ಮೆ ವಿಚಾರಿಸದೆ ನಾನು ಇಳಿಯುವುದಿಲ್ಲ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ನನ್ನ ಉದ್ಯೋಗ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ತರಬೇತಿ ಕೊಡುವುದು. ಬದಿಯಡ್ಕದಿಂದ ಪೆರ್ಲದವರೆಗಿನ ಶಾಲೆ, ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞರೆಲ್ಲ ಒಂದಲ್ಲ ಒಂದು ದಿನ ನನ್ನ ಎದುರು ಕೂತು ಆಕಳಿಸಿದವರೇ. ಈ ಸಲ ಕಲಿಸಬೇಕಾಗಿದ್ದ ಪಾಠ 'ಇಮೇಜ್ ಹಾಕುವುದು'. ಒಂದೊಂದೇ ಕಂಪ್ಯೂಟರಿನ ಎದುರು ಕೂತು ಆಪರೇಟಿಂಗ್ ಸಿಸ್ಟಮ್ ಹಾಕಿ, ಮತ್ತೆ ಬೇಕಾದ ತಂತ್ರಾಂಶಗಳನ್ನೆಲ್ಲ ಹಾಕಿ, ಮುಂದಿನ ಕುರ್ಚಿಗೆ ಜರುಗುವ ಬದಲು, ಒಂದೇ ಕಂಪ್ಯೂಟರನ್ನು ಚೆನ್ನಾಗಿ ಸಿದ್ಧಮಾಡಿ, ಅದರ ಪಡಿಯಚ್ಚು ತೆಗೆದು, ವಯರಿನ ಮೂಲಕ ಉಳಿದ ಎಲ್ಲದಕ್ಕೂ ಒಟ್ಟಿಗೆ ಕಳಿಸುವುದು. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಕಷ್ಟವಿಲ್ಲ. ಹಂಚಿನ ಕಾರ್ಖಾನೆಯ ಹಾಗೆ ಎಂದರೆ ಸಾಕು. ಅಚ್ಚು ಸರಿಯಿದ್ದರೆ ಹಂಚೆಲ್ಲ ಸರಿ. ಅಚ್ಚಿನ ಮೇಲೆ ಯಾರದೋ ಹೆಬ್ಬೆರಳು ಊರಿದ್ದರೆ ಊರಿನ ಮಾಡುಗಳ ಮೇಲೆಲ್ಲ ಆ ಹೆಬ್ಬೆರಳು.

ತರಬೇತಿ ಇಟ್ಟುಕೊಂಡದ್ದು ಪೆರ್ಲದ ಹತ್ತಿರದ ಒಂದು ಶಾಲೆಯ ಲ್ಯಾಬಿನಲ್ಲಿ. ಅಲ್ಲಿನ ಕಂಪ್ಯೂಟರ್ ಟೀಚರ್ ಲವೀನಾ ಅವರಿಗೆ ನಮಗಿಂತ ಹೆಚ್ಚು ಅವಸರವಿತ್ತು. ಸಿಡಿಲು ಬಡಿದು ಲ್ಯಾಬಿನ ಹಾರ್ಡ್ ಡಿಸ್ಕುಗಳೆಲ್ಲ ಹಾಳಾಗಿ, ಹೊಸತು ಬಂದು ಖಾಲಿ ಕೂತಿದ್ದವು. ಸೋಮವಾರ ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆ. ತರಬೇತಿ ಶನಿವಾರ. ನಮ್ಮದು ಗಡಿನಾಡು, ಸರಕಾರದ ಭಾಷೆ ಮಲಯಾಳ; ಕೈಯಲ್ಲಿದ್ದ ಸಿದ್ಧ ಇಮೇಜಿನಲ್ಲೂ ಮೆನು ಮಲಯಾಳ, ಕೀಲಿಮಣೆ ಮಲಯಾಳ. ಕನ್ನಡದ ಅಕ್ಷರ ಬಂದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಚೌಕ. ಇಲ್ಲಿಯ ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ.

ನಾನು ಅಭ್ಯಾಸಬಲದಿಂದ ಸಂಶಯ ಎತ್ತಿದೆ. "ಟೀಚರ್, ಕನ್ನಡದ ಕೀಲಿಮಣೆ ಬೇಕೇ ಬೇಕು, ಒಪ್ಪಿದೆ. ಆದರೆ ಮೆನು ಯಾವ ಭಾಷೆಯಲ್ಲಿದ್ದರೆ ಎಂತ? ಮಕ್ಕಳು ಜಾಗ ನೋಡಿ ಒತ್ತುವುದಲ್ವಾ?"

"ಸರ್, ನನ್ನ ಮಕ್ಕಳು ಮಲಯಾಳದಲ್ಲಿ ಮೀನಿನ ಕ್ರಯಕ್ಕೆ ಚರ್ಚೆ ಮಾಡ್ತಾರೆ, ತುಳುವಿನಲ್ಲಿ ಜಗಳ ಮಾಡ್ತಾರೆ, ನನ್ನ ಹತ್ರ ಕೊಂಕಣಿ ಕೂಡ ಆಡಿ ನೋಡ್ತಾರೆ. ಓದ್ಲಿಕ್ಕೆ ಬರುವುದು ಮಾತ್ರ ಕನ್ನಡ. ಪರೀಕ್ಷೆ ದಿನ ಅವರು ಅಂದಾಜಿನಲ್ಲಿ ಒತ್ಬೇಕಾ? ತಪ್ಪಾದ್ರೆ ಅಂಕ ಹೋಗುವುದು ಯಾರದ್ದು?"

ಸರಿ, ಕನ್ನಡದಲ್ಲೇ ಹಾಕೋಣ ಎಂದೆ. ಸಂಶಯ ಮಾತ್ರ ಹಾಗೇ ಉಳಿಯಿತು; ಅದು ಉತ್ತರಕ್ಕೆ ಕಾಯುವ ಜಾತಿಯದ್ದಲ್ಲ.

ಹಾಗೆ ಕನ್ನಡದ ಅಚ್ಚು ತಯಾರಿಸುವುದೇ ಆ ದಿನದ ಪಾಠವಾಯಿತು. ಟೀಚರ ಮೇಜಿನ ಕಂಪ್ಯೂಟರನ್ನು ಮೂಲವಾಗಿ ಇಟ್ಟುಕೊಂಡೆವು. ಕನ್ನಡ ಮೆನು ಹಾಕಿದೆವು, ಅಕ್ಷರ ಹಾಕಿದೆವು, ಕೀಲಿಮಣೆ, ಚಿತ್ರ ಬಿಡಿಸುವ ತಂತ್ರಾಂಶ, ಪರೀಕ್ಷೆಯ ತಂತ್ರಾಂಶ ಎಲ್ಲ ಹಾಕಿದೆವು. ಕೀಲಿಮಣೆಯ ಎದುರು ಕೂತವರು ತರಬೇತಿಗೆ ಬಂದಿದ್ದ ಪುಷ್ಪರಾಜ. ಅಬುಧಾಬಿಯಲ್ಲಿ ಯಾವುದೋ ಕಂಪೆನಿಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು, ಈಗ ಬದಿಯಡ್ಕದಲ್ಲಿ ಸ್ವಂತ ಅಂಗಡಿ ಇಟ್ಟವರು. ಯಾವ ವಿಷಯ ತೆಗೆದರೂ ಅದು ಅಬುಧಾಬಿಯಲ್ಲಿ ಮೊದಲೇ ಆಗಿ ಮುಗಿದಿರುತ್ತದೆ.

"ಪುಷ್ಪಣ್ಣ, ಒತ್ತಕ್ಷರ ಸರಿಯಾಗಿ ಬೀಳುತ್ತದಾ ನೋಡಬೇಕು. ಏನಾದರೂ ಟೈಪ್ ಮಾಡಿ" ಎಂದೆ.

ಅವರು ಪರದೆಯ ಮೇಲೆ ಅಂಟಿಸುವ ಹಳದಿ ಚೀಟಿಯೊಂದನ್ನು ತೆರೆದು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ತುಳು ಬರೆದರು: ವಣಸ್ ಆಂಡಾ? ಊಟ ಆಯಿತೇ ಎಂದು.

"ಇದರಲ್ಲಿ ಒತ್ತಕ್ಷರ ಎಲ್ಲಿದೆ ಮಾರಾಯ್ರೇ?"

"ಹಸಿವಾಗುವಾಗ ಒತ್ತಕ್ಷರ ಬರುದಿಲ್ಲ ಮಾಷ್ಟ್ರೇ."

ಎಲ್ಲರೂ ಗಡಿಯಾರ ನೋಡಿದರು, ಎಲ್ಲರೂ ಎದ್ದರು. ನಮ್ಮ ಊರಲ್ಲಿ ಈ ಪ್ರಶ್ನೆಯನ್ನು ಯಾರೂ ಉತ್ತರಕ್ಕಾಗಿ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನು ಕೇಳುತ್ತೇವೆ, ಫೋನು ಎತ್ತಿದವರನ್ನು ಕೇಳುತ್ತೇವೆ, ಜಗಳವಾಡಲು ಬಂದವರನ್ನೂ ಮೊದಲು ಇದನ್ನು ಕೇಳಿಯೇ ಶುರುಮಾಡುತ್ತೇವೆ. ಪರದೆಯ ಮೇಲಿದ್ದರೂ ಅದು ಯಾರ ಕಣ್ಣಿಗೂ ಬರಹವಾಗಿ ಕಾಣಲಿಲ್ಲ. ಹೋಟೆಲಿನಲ್ಲಿ ಬಂಗುಡೆ ಸಾರಿನ ಜೊತೆ ಚೆನ್ನಾಗಿ ಉಂಡು ಬಂದು, ತೇಗುತ್ತ, ಅಚ್ಚು ತೆಗೆದೆವು. ಚೀಟಿ ಅಲ್ಲಿಯೇ ಇತ್ತು.

ಒಂದೇ ಅಚ್ಚಿನ ಕಂಪ್ಯೂಟರುಗಳಿಗೆ ಒಂದು ತೊಂದರೆಯಿದೆ. ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡದಿದ್ದರೆ ಎಲ್ಲವೂ ತಾನೇ ಆ ಮೂಲದ ಕಂಪ್ಯೂಟರು ಎಂದುಕೊಳ್ಳುತ್ತವೆ. ನಾನು ಅಂಕೆ ಕೊಡೋಣ ಎಂದೆ. ತರಬೇತಿಗೆ ಬಂದ ಹುಡುಗರು ಒಪ್ಪಲಿಲ್ಲ, ಬಸ್ಸಿನ ದಾರಿಯ ನಿಲ್ದಾಣಗಳ ಹೆಸರನ್ನೇ ಇಟ್ಟರು. ಬಾಗಿಲ ಬಳಿಯದ್ದು ಬದಿಯಡ್ಕ, ಮೂಲೆಯದ್ದು ಪೆರ್ಲ, ನಡುವೆ ಅಂಗಡಿಯೊಂದೇ ಇರುವ ನಿಲ್ದಾಣಗಳೂ ಇದ್ದವು. ಲವೀನಾ ಟೀಚರ್ ಹತ್ತಿರ ಬಂದು ನಿಂತರು. ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡಿದ್ದರು. ನಾನು ಕಳಿಸುವ ಗುಂಡಿ ಒತ್ತಿದೆ. ಅಥವಾ ಪುಷ್ಪರಾಜ ಒತ್ತಿದರು. ತಾನೇ ಎಂದು ಅವರು ಈಗಲೂ ಹೇಳುತ್ತಾರೆ.

ಈ ಕೆಲಸವನ್ನು ನಾನು ಎಷ್ಟೋ ಕಡೆ ಮಾಡಿಸಿದ್ದೇನೆ. ಆದರೂ ಅಂದಿನದ್ದು ಬೇರೆ. ಪರದೆಗಳೆಲ್ಲ ಕಪ್ಪಾಗಿ, ಅದರೊಳಗೆ ಬೆಳ್ಳನೆಯ ಗೆರೆಯೊಂದು ತೆವಳತೊಡಗಿತು. ಫ್ಯಾನಿನ ಸದ್ದು, ಅದಕ್ಕಿಂತ ಸಣ್ಣಗೆ ಪೆಟ್ಟಿಗೆಗಳ ಗುಂಯ್‌ಗುಟ್ಟು. ಟೀಚರ ಮೇಜಿನಿಂದ ಒಂದು ನೀಲಿ ವಯರು ಗೋಡೆಗುಂಟ ಹೋಗಿತ್ತು. ಆ ತೆಳ್ಳನೆಯ ವಯರಿನೊಳಗೆ ನಮ್ಮ ಇಡೀ ವರ್ಣಮಾಲೆ, ಅದರ ಕೊಂಬು, ದೀರ್ಘ, ಒತ್ತುಗಳ ಸಮೇತ, ಸದ್ದಿಲ್ಲದೆ ನಡೆದು ಹೋಗುತ್ತಿದೆ ಎಂದು ಹೊಳೆದಾಗ ನನ್ನ ಮೈಯಲ್ಲಿ ಏನೋ ಆಯಿತು. ಅದನ್ನು ರೋಮಾಂಚನ ಎನ್ನಲು ನನಗೆ ನಾಚಿಕೆ. ಚಳಿ ಎನ್ನೋಣವೆಂದರೆ ಅಂದು ಸೆಕೆಯಿತ್ತು.

ಮತ್ತೆ ಅವು ಎಚ್ಚೆತ್ತವು. ನನ್ನ ನೆನಪಿನಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಬೆಳಗಿದವು, ದೀಪೋತ್ಸವದ ಹಾಗೆ. ಇದು ಸಾಧ್ಯವಿಲ್ಲ ಎಂದು ಪಾಠ ಹೇಳುವ ನನಗೇ ಗೊತ್ತು. ಪುಷ್ಪರಾಜರಂತೂ ಕಂಡಕ್ಟರನ ದನಿಯಲ್ಲಿ ಕೂಗುತ್ತಿದ್ದರು. "ಬದಿಯಡ್ಕ ಬಂತು! ನಡುವಿನದ್ದೆಲ್ಲ ಬಂತು! ಪೆರ್ಲ, ಪೆರ್ಲ ಬರ್ಲಿಲ್ಲ... ಬಂತು ಮಾರಾಯ್ರೇ, ಬಂತು!" ಹಾಗಾದರೆ ಒಂದಾದ ಮೇಲೆ ಒಂದು ಬಂದಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಒಟ್ಟಿಗೆ ಬೆಳಗಿದ್ದೇ. ಪ್ರತಿ ಪರದೆಯ ಮೇಲೂ ಕನ್ನಡ. ಕಡತ, ಸಂಪಾದನೆ, ಉಳಿಸು, ಮುಚ್ಚು. ಪ್ರತಿ ಪರದೆಯ ನಡುಮಧ್ಯೆ ಹಳದಿ ಚೀಟಿ. ವಣಸ್ ಆಂಡಾ?

ಇಡೀ ಒಂದು ಕೋಣೆಯ ಯಂತ್ರಗಳು ಒಟ್ಟಿಗೆ ನಮ್ಮನ್ನು ಊಟ ಆಯಿತೇ ಎಂದು ಕೇಳಿದರೆ ತಕ್ಷಣ ನಗು ಬರುವುದಿಲ್ಲ. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ "ಆಂಡ್" ಎಂದರು, ಆಯಿತು ಎಂದು. ಅನಂತರ ನಗು.

ಪುಷ್ಪರಾಜರ ಮುಖ ಸಣ್ಣದಾಯಿತು. "ಅಬುಧಾಬಿಯಲ್ಲಿ ಹೀಗೆ ಆದ್ದಿಲ್ಲ ಮಾಷ್ಟ್ರೇ. ಈಗಲೇ ಒಂದೊಂದೇ ಅಳಿಸ್ತೇನೆ" ಎಂದು ಬದಿಯಡ್ಕದ ಎದುರು ಕೂತರು.

"ಬೇಡ ಪುಷ್ಪಣ್ಣ" ಎಂದರು ಲವೀನಾ ಟೀಚರ್. "ಸೋಮವಾರ ಮಕ್ಕಳು ಹೆದರಿ ನಡುಗಿಕೊಂಡು ಬರ್ತಾರೆ. ಯಾರಾದ್ರೂ ಒಬ್ರು ಕೇಳ್ಲಿ."

ಸೋಮವಾರ ಯಂತ್ರ ಕೈಕೊಟ್ಟರೆ ಇರಲಿ ಎಂದು ನನ್ನನ್ನು ವರಾಂಡದಲ್ಲಿ ಕೂರಿಸಿದ್ದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಪರೀಕ್ಷಕರು ದಕ್ಷಿಣದ ಕಡೆಯವರು, ಮಲಯಾಳದವರು, ಗಂಭೀರ ಮನುಷ್ಯ. ಮೊದಲ ತಂಡದ ಮಕ್ಕಳು ಕೂತದ್ದೇ ತಡ ಕಿಸಿಕಿಸಿ ಶುರುವಾಯಿತು. ಪರೀಕ್ಷಕರು ನೋಡಿದರು. ಎಲ್ಲ ಪರದೆಗಳ ಮೇಲೂ ಒಂದೇ ಬರಹ, ತನಗೆ ಓದಲಾಗದ ಲಿಪಿ, ಅದನ್ನು ಓದಿ ನಗುವ ಮಕ್ಕಳು. ನಕಲು ಎನ್ನಲು ಇನ್ನೇನು ಬೇಕು? "ಇದೇನಿದು?" ಎಂದು ಅವರು ಮಲಯಾಳದಲ್ಲಿ ಕೇಳಿದ ದನಿಗೆ ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಪರೀಕ್ಷೆ ನಿಂತರೆ ಈ ಮಕ್ಕಳು ಇನ್ನೊಂದು ದಿನ, ಇನ್ನೊಂದು ಶಾಲೆಯಲ್ಲಿ, ಓದಲಾಗದ ಮೆನುವಿನ ಎದುರು ಕೂರಬೇಕು.

ಲವೀನಾ ಟೀಚರ್ ಒಂದಿಷ್ಟೂ ಅಳುಕದೆ, "ಊಣು ಕಳಿಞ್ಞೋ ಎಂದು ಕೇಳುತ್ತಿದೆ ಸರ್" ಎಂದರು, ಅದೇ ಪ್ರಶ್ನೆಯನ್ನು ಮಲಯಾಳಕ್ಕೆ ತಿರುಗಿಸಿ.

ಪರೀಕ್ಷಕರು ಪರದೆಯನ್ನು ನೋಡಿದರು, ಟೀಚರನ್ನು ನೋಡಿದರು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದವರು. "ಇಲ್ಲ" ಎಂದರು, ತಪ್ಪಿತಸ್ಥರ ಹಾಗೆ. ಮಕ್ಕಳಿಂದಲೇ ಚೀಟಿಗಳನ್ನು ಮುಚ್ಚಿಸಿದರು, ಪರೀಕ್ಷೆ ಶುರುಮಾಡಿಸಿದರು. ಸ್ವಲ್ಪ ಹೊತ್ತಿಗೆ ಅವರ ಮೇಜಿನ ಮೇಲೆ ಒಂದು ತಟ್ಟೆ ಗೋಳಿಬಜೆ, ಚಹಾ ಬಂದವು. ಗೋಳಿಬಜೆಯಲ್ಲ, ಬಾಳೆಹಣ್ಣಿನ ಪೋಡಿ ಎಂದು ಟೀಚರ್ ಹೇಳುತ್ತಾರೆ. ಇರಬಹುದು.

ಒಳಗೆ ಮಕ್ಕಳು ಬರೆಯುತ್ತಿದ್ದರು. ಕೀಲಿಗಳ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ, ಒಬ್ಬರೂ ಕೈ ಎತ್ತಲಿಲ್ಲ ಎಂದು ನನ್ನ ನೆನಪು. ನೆನಪು ಇಷ್ಟು ಚೆಂದವಾಗಿರುವಾಗಲೇ ನಾನು ಎಚ್ಚರವಾಗುವುದು. ಟೀಚರನ್ನು ಕೇಳಿದರೆ ತಮ್ಮ ಮಕ್ಕಳನ್ನು ಬಿಟ್ಟುಕೊಡುವುದಿಲ್ಲ. ಪುಷ್ಪರಾಜರು ಅಂದು ಅಲ್ಲಿರಲಿಲ್ಲ, ಆದರೂ ಸಾಕ್ಷಿ ಹೇಳಲು ಸಿದ್ಧ. ಆದ್ದರಿಂದ ಪರೀಕ್ಷಕರ ನಂಬರು ಹುಡುಕಿ ಅವರಿಗೇ ಫೋನು ಮಾಡಿದೆ. ನನ್ನನ್ನು ಮೆಚ್ಚಿಸಬೇಕಾದ ಯಾವ ಅಗತ್ಯವೂ ಇಲ್ಲದ ಮನುಷ್ಯ. ಮೆನುವಿನಲ್ಲಿ ಯಾವುದು ಎಲ್ಲಿದೆ ಎಂದು ಅಂದು ಯಾರಾದರೂ ಕೇಳಿದ್ದರೇ ಎಂದು ವಿಚಾರಿಸಿದೆ. ಮಕ್ಕಳಲ್ಲಿ ಒಬ್ಬರೂ ಕೇಳಲಿಲ್ಲ ಎಂದರು. ಸ್ವಲ್ಪ ತಡೆದು, ತಾನು ಮಾತ್ರ ಒಂದು ಹುಡುಗಿಯನ್ನು ಕೇಳಬೇಕಾಯಿತು ಎಂದರು. ಅವಳು ಮಾಡಿದ ಕೆಲಸವನ್ನು ತೆರೆದು ನೋಡಬೇಕಿತ್ತಂತೆ. ಇಷ್ಟು ವರ್ಷಗಳಿಂದ ಒತ್ತುತ್ತಿರುವ ಗುಂಡಿ ಕನ್ನಡದಲ್ಲಿ ಯಾವುದೆಂದು ತಿಳಿಯಲಿಲ್ಲವಂತೆ.

ಮೆನು ಯಾವ ಭಾಷೆಯಲ್ಲಿದ್ದರೆ ಎಂತ ಎಂದು ಕೇಳಿದ್ದವನಿಗೆ ಇಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಮರುದಿನ ಬೆಳಿಗ್ಗೆ, ಇಷ್ಟು ಸರಿಯಾದ ಉತ್ತರ ನಿಜವಾಗಿ ಸಿಕ್ಕಿತೇ ಅಥವಾ ನಾನೇ ಕಲ್ಪಿಸಿಕೊಂಡೆನೇ ಎಂಬ ಅನುಮಾನದಿಂದ ಅವರಿಗೆ ಮತ್ತೊಮ್ಮೆ ಫೋನು ಮಾಡಿದೆ. ಸಿಕ್ಕಿದ್ದು ನಿಜ. ನಿನ್ನೆಯೂ ಇದನ್ನೇ ಕೇಳಿದಿರಲ್ಲ ಎಂದರು.