ಇತಿಹಾಸ ಪರೀಕ್ಷೆಗೆ ಕೋರಂ

2019ರ ಜನವರಿ 29, ಮಂಗಳವಾರ, ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಐವತ್ತೊಂದು ವರ್ಷದ ಆರ್ವಿಲ್ ಕ್ಲಾಸೆನ್ ಕೆನಡಾ ಇತಿಹಾಸದ ಪಠ್ಯಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. ಆ ದಿನ ಅವನು ಬುದ್ಧಿಪೂರ್ವಕವಾಗಿ ಮಾಡಿದ ತಪ್ಪು ಅದೊಂದೇ. ಉಳಿದದ್ದೆಲ್ಲ ಊರಿನವರ ಕೊಡುಗೆ.

ಮೇಜು ಇದ್ದದ್ದು ಸಸ್ಕಾಚೆವಾನ್ ಪ್ರಾಂತ್ಯದ ಹ್ಯಾರೋ ಫ್ಲಾಟ್ಸ್ ಎಂಬ ಸಣ್ಣ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ. ಐಸಿನ ಮೇಲೆ ಒಬ್ಬ ಕಲ್ಲು ಜಾರಿಸುತ್ತಾನೆ, ಇನ್ನಿಬ್ಬರು ಅದರ ಮುಂದೆ ಹೊಸ ಸೊಸೆಯರ ಹಾಗೆ ಗುಡಿಸುತ್ತ ಓಡುತ್ತಾರೆ, ಅದು ಆಟ. ಆ ಐಸನ್ನು ಇಪ್ಪತ್ತೆರಡು ವರ್ಷದಿಂದ ಹದ ಮಾಡುತ್ತಿದ್ದವನು ಆರ್ವಿಲ್. ಹಳೆಯ ಮ್ಯಾನೇಜರ್ ನಿವೃತ್ತನಾದ ಮೇಲೆ ಕುರ್ಚಿ ಅವನಿಗೇ ಬರಬೇಕಿತ್ತು. ಆದರೆ ಅನುದಾನದ ಅರ್ಜಿ ಅಂದವಾಗಿ ಕಾಣಲೆಂದು ಸಮಿತಿ ಒಂದು ನಿಯಮ ಮಾಡಿತ್ತು: ಮ್ಯಾನೇಜರ್ ಆಗುವವರು ಹನ್ನೆರಡನೇ ತರಗತಿ ಪಾಸಾಗಿರಬೇಕು. ಆರ್ವಿಲ್‌ನ ಹನ್ನೆರಡನೇ ತರಗತಿ 1985ರಿಂದ ಇತಿಹಾಸ ಒಂದರಲ್ಲೇ ಸಿಕ್ಕಿಹಾಕಿಕೊಂಡಿತ್ತು. ಮಧ್ಯಾಹ್ನ ಒಂದಕ್ಕೆ ಶಾಲೆಯಲ್ಲಿ ಪರೀಕ್ಷೆ. ಮನೆಯಲ್ಲಿ ಓದೋಣವೆಂದರೆ ಹೀಟರ್ ಕೆಟ್ಟಿತ್ತು. ಕ್ಲಬ್ಬಿನ ಅಡುಗೆಮನೆಯ ಪಕ್ಕದ ಬೆಚ್ಚನೆಯ ಮೂಲೆಯೇ ಗತಿ.

ಅದೇ ಮೂಲೆಯಲ್ಲಿ ದಿನವೂ ಕಾಫಿಗೆ ಕೂರುವವರು ಇಬ್ಬರು. ಸಮಿತಿಯ ಅಧ್ಯಕ್ಷ ಲಾರ್ನ್ ಹಾಗನ್, ಜಮೀನು ಮಗನಿಗೆ ಬಿಟ್ಟು ಬಾಯಿಯನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡವನು. ಕಾರ್ಯದರ್ಶಿ ವಿಲ್ಫ್ ಆನ್‌ಹಾಲ್ಟ್, ನಡಾವಳಿ ಪುಸ್ತಕವನ್ನು ಬೈಬಲ್ಲಿನಂತೆ ಕಂಕುಳಲ್ಲಿಟ್ಟುಕೊಂಡೇ ಓಡಾಡುವವನು.

"ಏನಯ್ಯ ಇದು, ಈ ವಯಸ್ಸಲ್ಲಿ?" ಎಂದ ಲಾರ್ನ್.

"ಪರೀಕ್ಷೆ ಇದೆ. ಸುಮ್ನೆ ಓದೋಕೆ ಬಿಡಿ."

ಅದಕ್ಕಿಂತ ದೊಡ್ಡ ಆಹ್ವಾನ ಆ ಊರಿನಲ್ಲಿ ಇಲ್ಲ. ಲಾರ್ನ್ ಪುಸ್ತಕ ಕಿತ್ತುಕೊಂಡ. "ಕೊನೇ ಪಾಠ, ರಾಷ್ಟ್ರೀಯ ಗುರುತು. ಇದಕ್ಕೆ ಓದ್ಬೇಕಾ? ನಾವು ಅಮೆರಿಕದವರಲ್ಲ. ಮುಗೀತು." ಹೇಳುವಾಗ ಅವನ ತಲೆಯ ಮೇಲಿದ್ದ ಟೋಪಿ ಅಮೆರಿಕದ ಟ್ರ್ಯಾಕ್ಟರ್ ಕಂಪನಿಯೊಂದರದು.

"ಇದು ಮುಖ್ಯ, ಬರ್ಕೋ," ಎಂದ ವಿಲ್ಫ್, ಪುಸ್ತಕದ ಹಿಂದಿನ ಪುಟವೊಂದರ ಮೇಲೆ ಬೆರಳಿಟ್ಟು. "1885. ಮೆಟಿ ಜನರನ್ನ ಕಟ್ಕೊಂಡು ರೀಯೆಲ್ ಸರ್ಕಾರದ ಮೇಲೆ ದಂಗೆ ಎದ್ದ. ರಾಜದ್ರೋಹಿ. ರಿಜೈನಾದಲ್ಲಿ ನೇಣು."

ಅಡುಗೆಮನೆಯ ಕಿಟಕಿಯಲ್ಲಿ ಸೌಟು ನಿಂತಿತು. ಅದನ್ನು ಹಿಡಿದಿದ್ದವಳು ಮಾರ್ಜ್ ಪೆಲ್ಟಿಯೇ; ಸಮಿತಿಯ ಮೂರನೆಯ ಸದಸ್ಯೆ, ಕ್ಲಬ್ಬಿನ ಅನ್ನದಾತೆ, ಮೂಲನಿವಾಸಿ ಮತ್ತು ಫ್ರೆಂಚ್ ರಕ್ತ ಬೆರೆತ ಮೆಟಿ ಮನೆತನದವಳು.

"ಇನ್ನೊಂದ್ಸಲ ಹೇಳು ವಿಲ್ಫ್."

"ನಾನಲ್ಲ ಮಾರ್ಜ್, ಪುಸ್ತಕ ಹೇಳ್ತಿದೆ."

"ನಮ್ಮ ಮುತ್ತಜ್ಜಿಯ ಅಣ್ಣ ರೀಯೆಲ್ ಪಕ್ಕ ನಿಂತು ಗುಂಡು ತಿಂದೋನು. ಇವತ್ತು ನಿಮ್ಮ ಪುಸ್ತಕಾನೇ ಸೂಪ್ ಮಾಡಿ ಬಡಿಸ್ಲಿ." ಅವಳು ಕಾಫಿ ಪಾತ್ರೆಯ ಉರಿ ಆರಿಸಿದಳು, ಒಲೆಯಿಂದ ಆಗಷ್ಟೇ ಇಳಿಸಿದ್ದ ಸಸ್ಕಟೂನ್ ಹಣ್ಣು ತುಂಬಿದ ಸಿಹಿ ಪೈಯನ್ನು ಒಳಗೊಯ್ದಳು, ಕಿಟಕಿ ಮುಚ್ಚಿದಳು.

ಹಾಲು ಬಿಡಿಸಿದ ಕರುಗಳ ಹಾಗೆ ಇಬ್ಬರೂ ಮುಚ್ಚಿದ ಕಿಟಕಿಯನ್ನೇ ನೋಡುತ್ತ ಕೂತರು. ಬೇರೆ ದೇಶವಾಗಿದ್ದರೆ ಎದ್ದು ಹೋಗಿ ತಪ್ಪಾಯಿತು ಎನ್ನುತ್ತಿದ್ದರು. ಈ ದೇಶದಲ್ಲಿ ಹಾದಿಯಲ್ಲಿ ಭುಜ ತಗುಲಿದರೆ ಹತ್ತು ಸಲ ಕ್ಷಮೆ ಕೇಳುತ್ತಾರೆ. ನಿಜವಾದ ತಪ್ಪಿಗೆ ಮಾತ್ರ ಸಭೆ ಕರೆಯುತ್ತಾರೆ. ಲಾರ್ನ್ ಮೇಜು ಕುಟ್ಟಿ ತುರ್ತು ಸಭೆ ಕರೆದ. ಮಾರ್ಜ್ ಬಂದು ಕೈಕಟ್ಟಿಕೊಂಡು ಗೋಡೆಗೊರಗಿ ಕೂತಳು.

ಆರ್ವಿಲ್ ಪುಸ್ತಕ ಎತ್ತಿಕೊಂಡು ಎದ್ದ.

"ಎಲ್ಲಿಗೆ? ನೀನೂ ಸದಸ್ಯ. ಸಮಿತೀಲಿ ಇರೋದೇ ನಾಲ್ಕು ಜನ, ನಾಲ್ಕೂ ಇದ್ರೇನೇ ಕೋರಂ," ಎಂದ ವಿಲ್ಫ್.

"ನನಗೆ ಒಂದು ಗಂಟೆಗೆ ಪರೀಕ್ಷೆ."

"ಹತ್ತು ನಿಮಿಷದ ಕೆಲಸ. ಕೂತ್ಕೋ ಮಾರಾಯ."

ಹತ್ತು ನಿಮಿಷ 'ವಿಷಾದ' ಎಂಬ ಪದಕ್ಕೇ ಹೋಯಿತು. ಮಾರ್ಜ್ ಅದನ್ನು ಒಪ್ಪಲಿಲ್ಲ. 'ಕ್ಷಮೆ' ಎಂದು ತಿದ್ದಿದರು. ಕ್ಷಮೆ ಇವತ್ತಿನ ಮಾತಿಗೋ 1885ಕ್ಕೋ ಎಂದು ವಿಲ್ಫ್ ಕೇಳಿದ. ಮುಕ್ಕಾಲು ಗಂಟೆ ಹಿಡಿಯಿತು.

"ನಮ್ಮಜ್ಜ ನಾರ್ವೆಯಿಂದ ಬಂದದ್ದೇ 1910ಕ್ಕೆ," ಎಂದ ಲಾರ್ನ್. "1885ಕ್ಕೆ ನಾನ್ಯಾಕೆ ಕ್ಷಮೆ ಕೇಳ್ಲಿ?"

"ಬಂದು ಉತ್ತಿದ್ದು ಯಾರ ನೆಲ?" ಎಂದಳು ಮಾರ್ಜ್.

ಲಾರ್ನ್ ಟೋಪಿ ತೆಗೆದು ಒಳಗೆ ಏನೋ ಹುಡುಕಿದ.

ಆರ್ವಿಲ್ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಓದಿಗಿಳಿದ. 1848, ಜವಾಬ್ದಾರಿ ಸರ್ಕಾರ: ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಏನೂ ನಡೆಯಕೂಡದು. 1867, ಒಕ್ಕೂಟ. 1905, ಸಸ್ಕಾಚೆವಾನ್. "ಅನುಮೋದಿಸುವವರು? ಪರವಾಗಿರುವವರು?" ಎಂದು ಲಾರ್ನ್ ಕೇಳಿದಾಗಲೆಲ್ಲ, ಸಭೆ ಬೇಗ ಮುಗಿಯಲೆಂದು, ತಲೆಯೆತ್ತದೆ ಕೈಯೆತ್ತಿದ. ಒಂಬತ್ತು ಸಲವೋ ಹತ್ತು ಸಲವೋ, ಅವನಿಗೆ ಲೆಕ್ಕ ಸಿಗಲಿಲ್ಲ. ಹನ್ನೆರಡೂ ನಲವತ್ತಕ್ಕೆ ಕಿಟಕಿ ತೆರೆಯಿತು, ಪೈ ಹೊರಬಂತು. ಆರ್ವಿಲ್ ಒಂದು ತುಂಡಿಗೂ ನಿಲ್ಲದೆ ಶಾಲೆಗೆ ಓಡಿದ.

ಪರೀಕ್ಷೆಗೆ ಇದ್ದವನು ಅವನೊಬ್ಬನೇ. ಇಸವಿಗಳೆಲ್ಲ ಸಲೀಸಾಗಿ ಬಂದವು. ಕೊನೆಯ ಪ್ರಶ್ನೆಗೆ ಇಪ್ಪತ್ತು ಅಂಕ: ಕೆನಡಾದವರ ರಾಷ್ಟ್ರೀಯ ಗುರುತು ಯಾವುದು? ಪುಸ್ತಕದಲ್ಲಿ ಹಿಮ, ಮೇಪಲ್ ಎಲೆ, ಸಹನೆ ಎಂದೆಲ್ಲ ಇತ್ತು. ಆರ್ವಿಲ್ ಅದನ್ನು ಬಿಟ್ಟು ಕಣ್ಣಾರೆ ಕಂಡದ್ದನ್ನು ಬರೆದ: 'ಒಂದು ತಪ್ಪಾಯಿತು ಎನ್ನಲು ಮೂರು ಗಂಟೆ ಸಭೆ ನಡೆಸುವುದು, ಮತ್ತು ಅದನ್ನೇ ಸೌಜನ್ಯವೆಂದು ನಂಬುವುದು.' ಅಲ್ಲೇ ಕೂತು ತಿದ್ದಿದ ಟೀಚರ್ ಮಿಸ್ ಟ್ವೀಡಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಳು. ಒಟ್ಟು ಎಂಬತ್ತನಾಲ್ಕು.

ಸಂಜೆ ನಾಲ್ಕೂಕಾಲಿಗೆ ಆರ್ವಿಲ್ ಉತ್ತರಪತ್ರಿಕೆ ಹಿಡಿದು ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದ. ಕುರ್ಚಿಯಲ್ಲಿ ಮಾರ್ಜ್ ಕೂತಿದ್ದಳು. ಎದುರಿಗೆ ಇಬ್ಬರೂ ಮುದುಕರು ತಟ್ಟೆ ನೆಕ್ಕುತ್ತಿದ್ದರು.

"ಇದೇನು?" ಎಂದ ಆರ್ವಿಲ್.

ವಿಲ್ಫ್ ನಡಾವಳಿ ಪುಸ್ತಕ ಬಿಚ್ಚಿ ಗಂಟಲು ಸರಿಮಾಡಿಕೊಂಡ. "ನಿರ್ಣಯ ಏಳು. ಬರೀ ಬಾಯಿಮಾತಿನ ಕ್ಷಮೆ ಸಾಲದೆಂದು ಸಮಿತಿ ಮನಗಂಡು, 1979ರಲ್ಲೇ ಹನ್ನೆರಡನೇ ತರಗತಿ ಪಾಸಾಗಿರುವ ಮಾರ್ಜ್ ಪೆಲ್ಟಿಯೇ ಅವರನ್ನು ಮ್ಯಾನೇಜರ್ ಆಗಿ ನೇಮಿಸಲಾಗಿದೆ. ಸೂಚಿಸಿದವರು, ಲಾರ್ನ್ ಹಾಗನ್. ಅನುಮೋದಿಸಿದವರು, ಆರ್ವಿಲ್ ಕ್ಲಾಸೆನ್."

"ನಾನ್ಯಾವಾಗ ಅನುಮೋದಿಸ್ದೆ?"

"ಅನುಮೋದಿಸೋರು ಯಾರು ಅಂತ ಲಾರ್ನ್ ಕೇಳಿದ್ದೇ ತಡ, ನಿನ್ನ ಕೈ ಮೇಲಿತ್ತು. ಎಂಥಾ ದೊಡ್ಡ ಮನಸ್ಸು ಅಂತ ನಾವಿಬ್ರೂ ಬೆರಗಾಗಿ ಕೂತ್ವಿ."

"ನನಗಂತೂ ಅಳುವೇ ಬಂತು ಆರ್ವಿಲ್," ಎಂದಳು ಮಾರ್ಜ್. ಅವಳ ದನಿಯಲ್ಲಿ ಕಪಟವಿರಲಿಲ್ಲ. ಅದೇ ಹೆಚ್ಚು ನೋವಾದದ್ದು.

ಆರ್ವಿಲ್ ಎಂಬತ್ತನಾಲ್ಕನ್ನು ಮಡಚಿ ಜೇಬಿಗೆ ಹಾಕಿದ. ಲಾರ್ನ್‌ಗೆ ಕಸಿವಿಸಿಯಾಯಿತು. "ನಿನಗೆ ಅನ್ಯಾಯವಾಯ್ತು ಅನ್ಸಿದ್ರೆ ಹೇಳಪ್ಪ. ನಾಳೆ ಒಂದು ಸಭೆ ಕರೆಯೋಣ."

"ಸಭೆ ಆಮೇಲೆ," ಎಂದಳು ಹೊಸ ಮ್ಯಾನೇಜರ್. "ಏಳಕ್ಕೆ ಆಟ ಇದೆ. ಐಸ್ ಎಷ್ಟಕ್ಕೆ ನಿಂತಿದೆ, ನೋಡಿ ಬರೆದಿಡು."

ಆರ್ವಿಲ್ ಹೋಗಿ ಮಂಡಿಯೂರಿ ಕೂತು ಥರ್ಮಾಮೀಟರ್ ಇಟ್ಟ. ಎರಡು ನಿಮಿಷ ಕಾದು ಬರೆದುಕೊಂಡ: ಮೈನಸ್ 4.6 ಡಿಗ್ರಿ ಸೆಲ್ಸಿಯಸ್.