ಎಣ್ಣೆ ತಿನ್ನುವವರನ್ನು ಸಾಕಲು ಹೋಗಿ

ಸವಳಂಗ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಸ್ಕೂಟರ್, ಬೈಕ್ ರಿಪೇರಿ ಮಾಡಿದವನು ನಾನು. ಕಿಕ್ ಹೊಡೆದ ಸದ್ದಿನಲ್ಲೇ ಗಾಡಿಯ ಕಾಯಿಲೆ ಹೇಳುತ್ತಿದ್ದೆ. ಅಂಥವನಿಗೆ ಕಣ್ಣಿಗೆ ಕಾಣದ ನಾಲ್ಕು ಜೀವಿಗಳನ್ನು ಸಾಕುವುದು ಒಂದು ಕೆಲಸವೇ?

ಹೌದು, ಕೆಲಸವೇ. ಅದೂ ನನ್ನಿಂದಾಗದ ಕೆಲಸ.

ವಿಷಯ ಇಷ್ಟು. ವಿನೋಬನಗರದ ನಮ್ಮ ಮನೆಯ ಹಿತ್ತಲಲ್ಲಿ, ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂದು ಕಪ್ಪು ಪಟ್ಟಿ ಇತ್ತು. ಅಂಗಡಿಯಲ್ಲಿ ಬಸಿದ ಹಳೆ ಎಂಜಿನ್ ಆಯಿಲನ್ನು ಡಬ್ಬಗಳಲ್ಲಿ ತಂದು ಅಲ್ಲಿ ಸಾಲಾಗಿ ಇಡುತ್ತಿದ್ದೆ. ಯಾಕೆ? ಮರಕ್ಕೆ ಬಳಿದರೆ ಗೆದ್ದಲು ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿದ್ದ ಮರದ ಸಾಮಾನೆಂದರೆ ಎರಡು ಊಟದ ಮಣೆ! ಡಬ್ಬಗಳು ತುಕ್ಕು ಹಿಡಿದು ಸೋರಿದವು, ಮಣ್ಣು ಕುಡಿಯಿತು. ಮಳೆಗಾಲದಲ್ಲಿ ಅಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲು ಮೂಡುತ್ತಿತ್ತು. "ನೋಡು, ಎಷ್ಟು ಚೆಂದ" ಎಂದು ಹೆಂಡತಿಗೆ ತೋರಿಸಿದ್ದೂ ಉಂಟು. ಅಂಥ ರಸಿಕ!

ನನ್ನ ಹೆಂಡತಿ ಸರೋಜಳಿಗೆ ಅಲ್ಲಿ ದುಂಡುಮಲ್ಲಿಗೆ ಬೇಕಿತ್ತು. ಹಿತ್ತಲಲ್ಲಿ ಬಿಸಿಲು ಬೀಳುವ ಜಾಗ ಅದೊಂದೇ. ವರ್ಷಕ್ಕೊಂದು ಗಿಡ ತಂದು, ಹಿತ್ತಲ ಬಾಗಿಲಿನ ಕಡೆಯ ತುದಿಯಲ್ಲಿ ಅಗೆದು ನೆಡುತ್ತಿದ್ದಳು. ಅದು ಒಣಗುತ್ತಿತ್ತು. ಮತ್ತೆ ಅಗೆಯುತ್ತಿದ್ದಳು. ಬೆಳಿಗ್ಗೆ ಅಂಗಳಕ್ಕೆ ಹಾಕಿ ಉಳಿದ ಸಗಣಿ ನೀರು, ಅಕ್ಕಿ ತೊಳೆದ ನೀರು, ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಎಲ್ಲವನ್ನೂ ಅಲ್ಲಿಗೇ ಎಸೆಯುತ್ತಿದ್ದಳು, ಬೈಗುಳದ ಸಮೇತ.

"ಈ ದರಿದ್ರ ಡಬ್ಬಗಳನ್ನ ಯಾವಾಗ ತೆಗೀತೀರಿ?"

"ಭಾನುವಾರ."

ಯಾವ ಭಾನುವಾರ ಎಂದು ನಾನು ಎಂದೂ ಹೇಳಲಿಲ್ಲ.

ಒಂದು ಚಳಿಗಾಲದ ಕೊನೆಗೆ ಸರೋಜ ತೀರಿಕೊಂಡಳು. ಆಸ್ಪತ್ರೆಯಲ್ಲಿ, ಮಾತು ಕಡಿಮೆಯಾಗುತ್ತಾ ಬಂದಾಗಲೂ ಕೇಳಿದ್ದಳು: "ಡಬ್ಬ ತೆಗೆದ್ರಾ?"

"ತೆಗೆದೆ" ಎಂದೆ. ಸುಳ್ಳು.

ಡಬ್ಬಗಳು ಹೋದದ್ದು ಅವಳ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ. ಮಣ್ಣು ಮಾತ್ರ ಕಪ್ಪಾಗಿಯೇ ಉಳಿಯಿತು. ವರ್ಷದ ತಿಥಿಯ ಹೊತ್ತಿಗೆ ಅಲ್ಲಿ ಒಂದು ಮಲ್ಲಿಗೆ ಗಿಡ ಬದುಕಿ ನಿಂತಿರಬೇಕು ಎಂದು ತೀರ್ಮಾನಿಸಿದೆ. ಸತ್ತ ಮೇಲಾದರೂ ಹೆಂಡತಿಯ ಮಾತು ಕೇಳುವ ಗಂಡಸರಲ್ಲಿ ನಾನೂ ಒಬ್ಬ!

ಸರೋಜಳ ತಮ್ಮ ನಾಗರಾಜ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕೊಳೆ ನೀರು ಶುದ್ಧ ಮಾಡುವ ವಿಭಾಗದಲ್ಲಿದ್ದ. ಅವನನ್ನು ಕರೆಸಿ, ಮಣ್ಣು ತೆಗೆಸಿ ಎಲ್ಲಾದರೂ ಎಸೆಯಲೇ ಎಂದು ಕೇಳಿದೆ.

"ಎಸೆದ್ರೆ ಅಲ್ಲಿ ಇನ್ಯಾರದೋ ಮಲ್ಲಿಗೆ ಸಾಯುತ್ತೆ, ಅಷ್ಟೇ. ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಇದಾವೆ ಭಾವ. ಎಣ್ಣೆ ಅಂದ್ರೆ ಉದ್ದನೆ ಸರಪಳಿ ಇದ್ದಂಗೆ. ಅವುಗಳ ಮೈಯೊಳಗೆ ಕಿಣ್ವ ಅಂತ ಇರುತ್ತೆ. ಅದು ಗಾಳಿಯಲ್ಲಿರೋ ಆಮ್ಲಜನಕ ತಗೊಂಡು ಸರಪಳಿಗೆ ಸಿಗಿಸಿ, ತುಂಡು ತುಂಡಾಗಿ ಕಡಿಯುತ್ತೆ."

"ಚೈನ್ ಕಟರ್!" ಎಂದೆ.

"ಹಾಂ, ಹಾಗಂದ್ಕೊಳ್ಳಿ."

ಅಷ್ಟಕ್ಕೇ ನನಗೆ ಇಡೀ ವಿಜ್ಞಾನ ಅರ್ಥವಾಗಿಹೋಯಿತು. ಮುಂದೆ ಅವನು ಹೇಳಿದ್ದನ್ನು ಕೇಳುವ ಅಗತ್ಯವೇ ಕಾಣಲಿಲ್ಲ.

ಮುಂದಿನ ವಾರ ನಾಗರಾಜ ಒಂದು ಕ್ಯಾನಿನಲ್ಲಿ ಕೆಸರು ತಂದುಕೊಟ್ಟ. ಎಣ್ಣೆ ಬೆರೆತ ನೀರಿನಲ್ಲೇ ಬದುಕಿ ಅಭ್ಯಾಸವಾದ ಬ್ಯಾಕ್ಟೀರಿಯಾ ಅದರಲ್ಲಿದ್ದವಂತೆ. ಉಗುರುಬೆಚ್ಚಗಿನ ನೀರಲ್ಲಿ ಕಲಸಬೇಕು, ಸ್ವಲ್ಪ ಯೂರಿಯಾ ಹಾಕಬೇಕು, ಆಗಾಗ ಅಗೆದು ತಿರುವಬೇಕು. ನಾನು ಗೋಡೆಯುದ್ದಕ್ಕೂ ಸುಣ್ಣದ ಗೆರೆ ಎಳೆದೆ. ಬಾಗಿಲಿನ ಕಡೆಯ ತುದಿಯನ್ನು ಮಾತ್ರ ಹೊರಗಿಟ್ಟೆ. ಅಲ್ಲಿ ಸರೋಜಳ ಸಗಣಿ, ಕಲಗಚ್ಚು ಬಿದ್ದಿತ್ತಲ್ಲ? ಕಾರ್ಖಾನೆಯಲ್ಲಿ ಅನುಭವ ಪಡೆದು ಬಂದ ಜೀವಿಗಳಿಗೆ ಆ ಹೊಲಸು ತಾಗಬಾರದು!

ಆಗ ಊರಲ್ಲಿ ಕಾಮಾಲೆ ಹರಡಿತ್ತು. "ನೀರು ಕುದಿಸದೆ ಯಾರಿಗೂ ಕೊಡಬೇಡಿ ಅಣ್ಣ" ಎಂದು ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನ ಮೇಲಿಂದ ಎಲ್ಲರಿಗೂ ಹೇಳುತ್ತಿದ್ದರು. ನಮ್ಮ ಅತಿಥಿಗಳಿಗೂ ಕಾಯಿಲೆ ಬಂದರೆ? ಹಂಡೆಯಲ್ಲಿ ನೀರನ್ನು ಕೊತಕೊತ ಕುದಿಸಿ, ಹಾಗೇ ಕೆಸರಿಗೆ ಸುರಿದು, ಹಬೆಯಾಡುತ್ತಿದ್ದುದನ್ನು ಮಣ್ಣಿಗೆ ಹಾಕಿದೆ.

ನಾಗರಾಜ ಬಂದು ವಿಚಾರಿಸಿ ತಲೆ ಹಿಡಿದುಕೊಂಡು ಕೂತ.

"ಭಾವ, ನೀವು ಅವನ್ನ ಸಾಕಿಲ್ಲ. ಸಾರು ಮಾಡಿದೀರಿ!"

ಎರಡನೆಯ ಕ್ಯಾನ್ ಬರುವಷ್ಟರಲ್ಲಿ ಮಳೆ ಶುರುವಾಗಿತ್ತು. ಈ ಸಲ ನೀರು ತಣ್ಣಗಿತ್ತು, ನನ್ನ ತಲೆ ಬಿಸಿಯಾಗಿತ್ತು. ಜೀವಿಗಳು ಚರಂಡಿಗೆ ಕೊಚ್ಚಿಕೊಂಡು ಹೋದರೆ? ದಪ್ಪ ಟಾರ್ಪಾಲು ಹೊದಿಸಿ, ಸುತ್ತಲೂ ಹಳೆ ಟೈರು ಹೇರಿ, ಇರುವೆಯೂ ನುಸುಳದ ಹಾಗೆ ಬಿಗಿ ಮಾಡಿದೆ. ಮೂರು ವಾರಕ್ಕೆ ಕೊಳೆತ ಮೊಟ್ಟೆಯ ನಾತ ಎದ್ದಿತು.

"ಏನಣ್ಣ, ಹಿತ್ತಲಲ್ಲಿ ಏನಾದ್ರೂ ಸತ್ತಿದೆಯಾ?" ಜಯಮ್ಮ ಕೇಳಿದರು.

"ಇಲ್ಲ, ಸಾಕಿದ್ದೀನಿ."

"ಏನನ್ನ?"

"ಬ್ಯಾಕ್ಟೀರಿಯಾ."

ಜಯಮ್ಮ ಮೂಗಿಗೆ ಸೆರಗು ಹಿಡಿದರು. ಆಮೇಲೆ ಒಳಗೆ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು: "ಸರೋಜಕ್ಕ ಹೋದಮೇಲೆ ಆಯಪ್ಪನಿಗೆ ತಲೆ ನಿಂತಿಲ್ಲ ಕಣ್ರೀ."

ನಾಗರಾಜ ಬಂದು ಟಾರ್ಪಾಲು ಕಿತ್ತೆಸೆದ. "ಆಮ್ಲಜನಕ ಬೇಕು ಅಂತ ಹೇಳಿರಲಿಲ್ವಾ ಭಾವ? ಉಸಿರು ಕಟ್ಟಿಸಿಬಿಟ್ರಿ!"

ಹೇಳಿದ್ದ. ನಾನು ಚೈನ್ ಕಟರಿನಲ್ಲೇ ನಿಂತುಬಿಟ್ಟಿದ್ದೆ.

ಮೂರನೆಯ ಕ್ಯಾನಿಗೆ ನಾನು ನಿಜವಾಗಿಯೂ ದುಡಿದೆ. ತಣ್ಣೀರು, ಯೂರಿಯಾ, ದಿನ ಬಿಟ್ಟು ದಿನ ಗುದ್ದಲಿ. ನಾಲ್ಕು ತಿಂಗಳಲ್ಲಿ ಮಣ್ಣಿನ ಜಿಡ್ಡು ಕಡಿಮೆಯಾಯಿತು. ಕೈಯಲ್ಲಿ ಹಿಡಿದರೆ ಅಂಟುತ್ತಿರಲಿಲ್ಲ. ಮಾಡಿದ್ದು ಬ್ಯಾಕ್ಟೀರಿಯಾ, ಮೀಸೆ ತಿರುವಿದ್ದು ನಾನು.

ಆದರೆ ತಿಥಿ ಹತ್ತಿರ ಬಂತು. ನೆಂಟರು ಬರುತ್ತಾರೆ, ಪುರೋಹಿತರು ಬರುತ್ತಾರೆ. ಸರೋಜ ಇದ್ದಿದ್ದರೆ ಮನೆಯನ್ನು ಹೇಗೆ ಇಡುತ್ತಿದ್ದಳೋ ಹಾಗೇ ಇರಬೇಕೆಂದು ಮೂಲೆ ಮೂಲೆ ತೊಳೆದೆ. ಹಿತ್ತಲ ಕಲ್ಲುಚಪ್ಪಡಿಗೆ ಫಿನಾಯಿಲ್ ಹಾಕಿ ಉಜ್ಜಿದೆ. ಬಾಟಲಿಯಲ್ಲಿ ಮುಕ್ಕಾಲು ಭಾಗ ಉಳಿಯಿತು. ಸುಣ್ಣದ ಗೆರೆಯೊಳಗಿನ ಮಣ್ಣಿನಿಂದ ಇನ್ನೂ ಸ್ವಲ್ಪ ವಾಸನೆ ಬರುತ್ತಿತ್ತು. ಪಾಪ, ಅವೂ ಶುಚಿಯಾಗಿರಲಿ ಎಂದು ಉಳಿದದ್ದನ್ನೆಲ್ಲ ಅಲ್ಲಿಗೆ ಸುರಿದೆ.

ತಿಥಿಯ ಹಿಂದಿನ ದಿನ ನಾಗರಾಜ ಭದ್ರಾವತಿಯಿಂದ ಬಸ್ಸಿನಲ್ಲಿ ಮಲ್ಲಿಗೆ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಹಿತ್ತಲಿಗೆ ಕಾಲಿಟ್ಟವನೇ ಮೂಗು ಅರಳಿಸಿದ.

"ಭಾವ, ಇದೇನು ವಾಸನೆ?"

ಹೇಳಿದೆ.

ಅವನು ಬೆರಳು ಮಡಿಸಿ ಎಣಿಸಿದ. "ಮೊದಲನೇವನ್ನ ಬೇಯಿಸಿದ್ರಿ. ಎರಡನೇವನ್ನ ಉಸಿರು ಕಟ್ಟಿಸಿದ್ರಿ. ಮೂರನೇವಕ್ಕೆ ವಿಷ ಹಾಕಿದ್ರಿ. ಇವು ಮನುಷ್ಯರಾಗಿದ್ರೆ ನೀವು ಇಷ್ಟೊತ್ತಿಗೆ ಜೈಲಲ್ಲಿರ್ತಿದ್ರಿ!"

ನಾನು ಗಿಡವನ್ನೇ ನೋಡುತ್ತಾ ನಿಂತೆ. ನಾಳೆ ತಿಥಿ. ಈ ಭಾನುವಾರವೂ ಹೋಯಿತು ಅನ್ನಿಸಿತು.

ಗಿಡವನ್ನು ಬಕೆಟ್ಟಿನಲ್ಲಾದರೂ ಇಡೋಣವೆಂದು ನಾಗರಾಜ ಒಳ್ಳೆಯ ಮಣ್ಣು ಹುಡುಕುತ್ತಾ ಬಾಗಿಲಿನ ಕಡೆಯ ತುದಿಗೆ ಹೋಗಿ ಗುದ್ದಲಿ ಹಾಕಿದ. ಇನ್ನೊಂದು ಸಲ ಹಾಕಿದ. ಆಮೇಲೆ ಕೂತು ಮಣ್ಣನ್ನು ಮೂಸಿ ನೋಡಿದ. ನನ್ನನ್ನೂ ಕರೆದ. ಮಣ್ಣು ಪುಡಿಪುಡಿಯಾಗಿತ್ತು. ಎಣ್ಣೆಯ ವಾಸನೆಯೇ ಇಲ್ಲ. ಎರಡು ಎರೆಹುಳು ಬೆಳಕಿಗೆ ನಾಚಿ ಒಳಗೆ ಸರಿದವು.

"ಇಲ್ಲೂ ನಿಮ್ಮ ಡಬ್ಬ ಇತ್ತಲ್ವಾ ಭಾವ? ಅಕ್ಕ ಇಲ್ಲಿಗೆ ಏನು ಹಾಕ್ತಿದ್ಲು?"

"ನನ್ನ ಮೇಲಿನ ಸಿಟ್ಟು" ಎಂದೆ. ಆಮೇಲೆ ಸಗಣಿ ನೀರು, ಅಕ್ಕಿ ನೀರು, ವರ್ಷ ವರ್ಷವೂ ಅಗೆದದ್ದು, ಎಲ್ಲ ಹೇಳಿದೆ.

"ಮತ್ತಿನ್ನೇನು ಬೇಕು? ಎಣ್ಣೆ ತಿನ್ನೋವು ಮಣ್ಣಲ್ಲೇ ಇರ್ತವೆ. ಅಕ್ಕ ಊಟ ಹಾಕಿದ್ಲು, ಗಾಳಿ ಆಡಿಸಿದ್ಲು. ಇನ್ನೊಂದು ವರ್ಷ ಇದ್ದಿದ್ರೆ ಗಿಡ ಹಿಡೀತಿತ್ತು." ಅವನು ಮುಖ ಆ ಕಡೆ ತಿರುಗಿಸಿ ಗುಂಡಿ ತೋಡತೊಡಗಿದ.

ಗಿಡ ನೆಟ್ಟಾಯಿತು. ನಾನು ಚೊಂಬು ಹಿಡಿದು ಮುಂದೆ ಬಂದೆ.

"ಬೇಡ ಭಾವ, ಇಲ್ಲಿ ಕೊಡಿ" ಎಂದು ಅವನು ಚೊಂಬನ್ನು ಕಿತ್ತುಕೊಂಡು, ಅದರೊಳಗೆ ಬೆರಳದ್ದಿ, ನೀರು ತಣ್ಣಗಿದೆಯೇ ಎಂದು ನೋಡಿದ ಮೇಲೆಯೇ ಗಿಡಕ್ಕೆ ಹಾಕಿದ.

ಆ ಗಿಡ ಬದುಕಿದೆ, ಹೂ ಬಿಡುತ್ತಿದೆ. ಈಗ ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು, ಸಗಣಿ ನೀರು ತಂದು ಉಳಿದ ಕಪ್ಪು ಮಣ್ಣಿಗೆ ಸರೋಜ ಹಾಕುತ್ತಿದ್ದ ಹಾಗೇ ಹಾಕುತ್ತೇನೆ, ಬೈಗುಳದ ಸಮೇತ. ಬೈಯಲು ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅವಳಷ್ಟು ಚೆನ್ನಾಗಿ ಅದೂ ಬರುವುದಿಲ್ಲ.